ಲಿಥಿಯಂ, ವ್ಯಾಲ್‌ಪ್ರೊಯೇಟ್, ಕರೆಂಟು, ಮಾತುಕತೆ: ಬೈಪೋಲಾರ್‌ಗೆ ಯಾವುದು, ಯಾವಾಗ?

ಅಕ್ಕನಿಗೆ ಬೈಪೋಲಾರ್, ಅಂದರೆ ಮನಸ್ಸು ಉನ್ಮಾದಕ್ಕೂ ಖಿನ್ನತೆಗೂ ಏರಿಳಿಯುವ ಕಾಯಿಲೆ, ಎಂದು ಗೊತ್ತಾಗಿ ಹದಿನಾಲ್ಕು ವರ್ಷವಾಯಿತು. ಈಗ ನೆಂಟರಲ್ಲಿ, ಪರಿಚಯದವರಲ್ಲಿ ಯಾರಿಗಾದರೂ ಈ ಕಾಯಿಲೆ ಎಂದ ಕೂಡಲೇ ನನಗೊಂದು ಫೋನ್ ಬರುತ್ತದೆ. ಎಲ್ಲರೂ ದನಿ ತಗ್ಗಿಸಿ ಕೇಳುವುದು ಒಂದೇ. "ಯಾವ ಮಾತ್ರೆ ಒಳ್ಳೇದು?"

ನಾನು ಡಾಕ್ಟರ್ ಅಲ್ಲ. ಮಾತ್ರೆ ಬರೆಯುವುದು, ಡೋಸ್ ಏರಿಸಿ ಇಳಿಸುವುದು ಮನೋವೈದ್ಯರ ಕೆಲಸ. ಅವರ ಎದುರು ಕೂತಾಗ ಏನು ಕೇಳಬೇಕು ಎನ್ನುವುದು ಮಾತ್ರ ನಮ್ಮ ಕೆಲಸ. ನನ್ನ ಲೆಕ್ಕದಲ್ಲಿ ಎರಡು ಪ್ರಶ್ನೆ ಸಾಕು. ಈ ಮನುಷ್ಯನನ್ನು ಜಾಸ್ತಿ ಹಾಳುಮಾಡುತ್ತಿರುವುದು ಯಾವ ತುದಿ, ಮೇಲಿನದೋ ಕೆಳಗಿನದೋ? ಮತ್ತೆ, ಈ ಚಿಕಿತ್ಸೆಯನ್ನು ಈ ಮನೆಯವರು ಹತ್ತು ವರ್ಷ ನಡೆಸಿಕೊಂಡು ಹೋಗಬಲ್ಲರೇ? ಎರಡನೇ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಹೆಚ್ಚಿನ ಮನೆಗಳಲ್ಲಿ ಚಿಕಿತ್ಸೆ ಕೈಕೊಡುವುದು ಅಲ್ಲೇ.

ಯಾವ ತುದಿ?

ಮೇಲಿನ ತುದಿ ಎಂದರೆ ಉನ್ಮಾದ. ಮೂರು ಗಂಟೆ ನಿದ್ದೆ ಮಾಡಿದರೂ ಸುಸ್ತಿಲ್ಲ. ಮಾತು ನಿಲ್ಲುವುದಿಲ್ಲ, ದುಡ್ಡು ನಿಲ್ಲುವುದಿಲ್ಲ, ತಡೆದರೆ ಸಿಟ್ಟು. ಕೆಳಗಿನ ತುದಿ ಖಿನ್ನತೆ. ಬೈಪೋಲಾರ್ 1 ಎಂದರೆ ಪೂರಾ ಉನ್ಮಾದ ಒಮ್ಮೆಯಾದರೂ ಬಂದಿರುತ್ತದೆ. ಬೈಪೋಲಾರ್ 2ರಲ್ಲಿ ಮೇಲಿನ ಏರು ಹಗುರ, ಕೆಳಗಿನ ಗುಂಡಿ ಮಾತ್ರ ಆಳ.

ತೊಂದರೆ ಏನೆಂದರೆ, ಹುಮ್ಮಸ್ಸಿನಲ್ಲಿ ಇರುವಾಗ ಯಾರೂ ಡಾಕ್ಟರ ಹತ್ತಿರ ಹೋಗುವುದಿಲ್ಲ. ಹೋಗುವುದು ಮಂಕಾದಾಗ. ಅಕ್ಕ ನಾಲ್ಕು ತಿಂಗಳು ಮೂಲೆ ಹಿಡಿದು ಕೂತಿದ್ದಳು. ಒಬ್ಬ ಡಾಕ್ಟರು ಖಿನ್ನತೆ ಎಂದು ಮಾತ್ರೆ ಕೊಟ್ಟರು. ಮೂರನೇ ವಾರಕ್ಕೆ ಎದ್ದು ಓಡಾಡಿದಳು. ಮನೆಯಲ್ಲಿ ಹಬ್ಬ. ನಾಲ್ಕನೇ ವಾರ ರಾತ್ರಿ ಎರಡಕ್ಕೆ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ ತೊಳೆಯುತ್ತಿದ್ದಳು. ಐದನೇ ವಾರ ಸೀರೆ ಅಂಗಡಿ ಹಾಕುತ್ತೇನೆ ಎಂದು ಸೊಸೈಟಿಯಲ್ಲಿ ಸಾಲಕ್ಕೆ ಅರ್ಜಿ ಕೊಟ್ಟು ಬಂದಳು.

ಬೈಪೋಲಾರ್ ಇರುವವರಿಗೆ ಖಿನ್ನತೆಯ ಮಾತ್ರೆಯನ್ನು ಒಂಟಿಯಾಗಿ ಕೊಟ್ಟರೆ ಕೆಲವರು ಹೀಗೆ ನೇರ ಉನ್ಮಾದಕ್ಕೆ ಜಿಗಿಯುತ್ತಾರೆ. "ಹಿಂದೆ ಯಾವಾಗಾದರೂ ನಿದ್ದೆ ಬೇಡವೆನ್ನುವಷ್ಟು ಹುಮ್ಮಸ್ಸು ಇತ್ತಾ?" ಎಂದು ಅಕ್ಕನ ಡಾಕ್ಟರು ಕೇಳಲಿಲ್ಲ. ಪಿಯುಸಿ ಮುಗಿದ ಬೇಸಿಗೆಯಲ್ಲಿ ಅವಳು ಹಾಗೆ ಇದ್ದದ್ದನ್ನು ನಾವೂ ಹೇಳಲಿಲ್ಲ, ಅದು ಕಾಯಿಲೆ ಎಂದು ಗೊತ್ತಿದ್ದರೆ ತಾನೆ? ಹಾಗಾಗಿ ಹೋಲಿಕೆ ಶುರುಮಾಡುವ ಮೊದಲೇ ಒಂದನ್ನು ಪಕ್ಕಕ್ಕಿಡಿ: ಜೊತೆಗೆ ಮನಸ್ಸಿನ ಏರಿಳಿತ ತಡೆಯುವ ಔಷಧಿ ಇಲ್ಲದೆ ಬರೀ ಖಿನ್ನತೆಯ ಮಾತ್ರೆ. ಯಾರಾದರೂ ಬರೆದುಕೊಟ್ಟರೆ ಯಾಕೆ ಎಂದು ಕೇಳಿ.

ಲಿಥಿಯಂ: ಹಳೆಯದು, ಗಟ್ಟಿ, ಸ್ವಲ್ಪ ಕಿರಿಕಿರಿ

ಲಿಥಿಯಂ ಯಾವ ಕಂಪನಿಯೂ ಹುಟ್ಟುಹಾಕಿದ್ದಲ್ಲ. ಅದೊಂದು ಲೋಹ, ಮಾತ್ರೆಯಲ್ಲಿರುವುದು ಅದರ ಉಪ್ಪು. ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ವೈದ್ಯರು ಉನ್ಮಾದಕ್ಕೆ ಇದು ಕೆಲಸ ಮಾಡುತ್ತದೆ ಎಂದು 1949ರಲ್ಲಿ ಬರೆದರು. ಮುಕ್ಕಾಲು ಶತಮಾನ ಆಯಿತು, ಮತ್ತೆ ಮತ್ತೆ ಬರದಂತೆ ತಡೆಯುವುದರಲ್ಲಿ ಇದನ್ನು ಹಿಂದೆ ಹಾಕಿದ ಔಷಧಿ ಇನ್ನೂ ಬಂದಿಲ್ಲ. ಬ್ಯಾಲೆನ್ಸ್ ಎಂಬ ಅಧ್ಯಯನ 2010ರಲ್ಲಿ ಲಿಥಿಯಂ ಮತ್ತು ಮುಂದೆ ಹೇಳಲಿರುವ ವ್ಯಾಲ್‌ಪ್ರೊಯೇಟ್ ಎಂಬ ಮಾತ್ರೆಯನ್ನು ನೇರವಾಗಿ ಎದುರುಬದುರು ನಿಲ್ಲಿಸಿ ನೋಡಿತು. ಲಿಥಿಯಂ ಒಂದೇ ತೆಗೆದುಕೊಂಡವರು, ಎರಡನ್ನೂ ಸೇರಿಸಿ ತೆಗೆದುಕೊಂಡವರು, ಬರೀ ವ್ಯಾಲ್‌ಪ್ರೊಯೇಟ್ ತೆಗೆದುಕೊಂಡವರಿಗಿಂತ ಚೆನ್ನಾಗಿದ್ದರು. ಇನ್ನೊಂದು ಮಾತು ಇದಕ್ಕಿಂತ ದೊಡ್ಡದು. ಆತ್ಮಹತ್ಯೆಯ ಅಪಾಯ ತಗ್ಗಿಸುವ ವಿಷಯದಲ್ಲಿ ಲಿಥಿಯಂಗೆ ಇರುವಷ್ಟು ಪುರಾವೆ ಈ ಸಾಲಿನ ಬೇರೆ ಯಾವ ಮಾತ್ರೆಗೂ ಇಲ್ಲ. ಮನೆಯಲ್ಲಿ ಒಮ್ಮೆ ಆ ಭಯ ಹೊಕ್ಕಿದ್ದರೆ ನಾನು ಈ ಸಾಲನ್ನು ಎರಡು ಸಲ ಓದಿ ಎನ್ನುತ್ತೇನೆ.

ಹಾಗಾದರೆ ಎಲ್ಲರಿಗೂ ಇದನ್ನೇ ಯಾಕೆ ಕೊಡುವುದಿಲ್ಲ? ರಕ್ತಪರೀಕ್ಷೆ. ಲಿಥಿಯಂ ಕೆಲಸ ಮಾಡುವ ಮಟ್ಟಕ್ಕೂ ವಿಷವಾಗುವ ಮಟ್ಟಕ್ಕೂ ನಡುವೆ ಇರುವ ಜಾಗ ಬಹಳ ಕಿರಿದು. ಸಾಮಾನ್ಯವಾಗಿ ರಿಪೋರ್ಟಿನಲ್ಲಿ 0.6ರಿಂದ 1.0ರ ಒಳಗೆ ಇರಬೇಕು. 1.5 ದಾಟಿದರೆ ಅಪಾಯ. ಕೊನೆಯ ಮಾತ್ರೆ ನುಂಗಿ 12 ಗಂಟೆಯಾದ ಮೇಲೆ ರಕ್ತ ಕೊಡಬೇಕು. ಅಂದರೆ ರಾತ್ರಿ ಒಂಬತ್ತಕ್ಕೆ ನುಂಗಿದ್ದರೆ ಬೆಳಿಗ್ಗೆ ಒಂಬತ್ತಕ್ಕೆ, ಅವತ್ತಿನ ಮಾತ್ರೆಗೆ ಮುಂಚೆ. ಮೊದಮೊದಲು ವಾರಕ್ಕೊಮ್ಮೆ, ಮಟ್ಟ ನಿಂತ ಮೇಲೆ ಮೂರರಿಂದ ಆರು ತಿಂಗಳಿಗೊಮ್ಮೆ. ಜೊತೆಗೆ ಕಿಡ್ನಿ, ಥೈರಾಯ್ಡ್, ಕ್ಯಾಲ್ಸಿಯಂ ನೋಡಿಸುತ್ತಿರಬೇಕು. ಥೈರಾಯ್ಡ್ ಇಳಿದರೆ ಅದಕ್ಕೆ ಮಾತ್ರೆ ಇದೆ, ಹೆದರಬೇಕಿಲ್ಲ. ಕಿಡ್ನಿಯ ಮೇಲೆ ಮಾತ್ರ ಸದಾ ಕಣ್ಣಿರಬೇಕು.

ಒಪ್ಪಿಕೊಳ್ಳುವ ಮೊದಲು ನಿಮ್ಮ ಊರಿನ ಲ್ಯಾಬಿಗೆ ಹೋಗಿ ಕೇಳಿ: ಲಿಥಿಯಂ ಲೆವೆಲ್ ಮಾಡ್ತೀರಾ, ಎಷ್ಟು ದಿನಕ್ಕೆ ರಿಪೋರ್ಟ್ ಬರುತ್ತೆ? ನಮ್ಮ ತಾಲ್ಲೂಕಿನಲ್ಲಿ ಸ್ಯಾಂಪಲ್ ಬೆಂಗಳೂರಿಗೆ ಹೋಗಿ ಬರಬೇಕು. ಅಕ್ಕನಿಗೆ ಅದು ರೂಢಿಯಾಗಿದೆ. ಎಲ್ಲರಿಗೂ ಆಗಲಾರದು.

ಇನ್ನು ಉಪ್ಪು, ನೀರು. ಕಿಡ್ನಿ ಲಿಥಿಯಮ್ಮನ್ನೂ ನಾವು ತಿನ್ನುವ ಉಪ್ಪಿನ ಹಾಗೇ ನೋಡಿಕೊಳ್ಳುತ್ತದೆ. ಊಟದಲ್ಲಿ ಉಪ್ಪು ದಿಢೀರನೆ ಕಡಿಮೆಯಾದರೆ, ಮೈಯಲ್ಲಿ ನೀರು ಇಳಿದರೆ, ಅದು ಲಿಥಿಯಮ್ಮನ್ನು ಹೊರಗೆ ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ನೀರನ್ನೂ ಮುಟ್ಟದ ಏಕಾದಶಿ, ರಂಜಾನ್ ಉಪವಾಸ, ಕಲಬುರಗಿ ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ಹೊಲದ ಕೆಲಸ, ವಾಂತಿಭೇದಿ, ಇವೆಲ್ಲ ಡಾಕ್ಟರಿಗೆ ಮೊದಲೇ ಹೇಳಿ ದಾರಿ ಕೇಳಿಟ್ಟುಕೊಳ್ಳಬೇಕಾದ ಸಂಗತಿಗಳು.

ನೋವಿನ ಮಾತ್ರೆಯ ಪಾಠ ನಾವು ಕಷ್ಟಪಟ್ಟು ಕಲಿತೆವು. ಅಕ್ಕನ ಮಂಡಿನೋವಿಗೆ ಒಂದು ಕ್ಲಿನಿಕ್ಕಿನಲ್ಲಿ ಹತ್ತು ದಿನಕ್ಕೆ ಡೈಕ್ಲೋಫಿನಾಕ್ ಬರೆದುಕೊಟ್ಟರು. ಲಿಥಿಯಂ ತಗೋತಾಳೆ ಎಂದು ಹೇಳಿಯೂ ಹೇಳಿದ್ದೆವು. ಎಂಟನೇ ದಿನ ಕಾಫಿ ಲೋಟ ಹಿಡಿಯಲಾಗದಷ್ಟು ಕೈ ನಡುಕ, ನಡೆದರೆ ತೂರಾಟ. ಲೆವೆಲ್ ಏರಿತ್ತು. ಡೈಕ್ಲೋಫಿನಾಕ್, ಐಬುಪ್ರೊಫೆನ್ ಥರದ ನೋವಿನ ಮಾತ್ರೆಗಳು, ಬಿಪಿಗೆ ಕೊಡುವ ಕೆಲವು ಮಾತ್ರೆಗಳು ಲಿಥಿಯಂ ಮಟ್ಟವನ್ನು ಏರಿಸುತ್ತವೆ. ಸಾಮಾನ್ಯ ನೋವು ಜ್ವರಕ್ಕೆ ಪ್ಯಾರಾಸಿಟಮಾಲ್ ಆಗುತ್ತದೆ. ಸಣ್ಣ ಬೆರಳ ನಡುಕ, ಬಾಯಾರಿಕೆ, ಪದೇ ಪದೇ ಮೂತ್ರ, ಇವು ಮಾಮೂಲಿ. ದೊಡ್ಡ ನಡುಕ, ತೂರಾಟ, ತೊದಲು, ವಾಂತಿ ಶುರುವಾದರೆ ಮುಂದಿನ ಮಾತ್ರೆ ನುಂಗದೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. ನಾಳೆ ನೋಡೋಣ ಅನ್ನುವಂತಿಲ್ಲ.

ವ್ಯಾಲ್‌ಪ್ರೊಯೇಟ್: ಬೇಗ, ಸಲೀಸು, ಆದರೆ ಯಾರಿಗೆ?

ಸೋಡಿಯಂ ವ್ಯಾಲ್‌ಪ್ರೊಯೇಟ್, ಡೈವ್ಯಾಲ್‌ಪ್ರೊಯೆಕ್ಸ್ ಎರಡೂ ಒಂದೇ ಕುಟುಂಬ, ಮೂಲದಲ್ಲಿ ಫಿಟ್ಸ್ ಮಾತ್ರೆ. ಉನ್ಮಾದ ಹತೋಟಿಗೆ ಲಿಥಿಯಂ ಒಂದೆರಡು ವಾರ ಕೇಳಿದರೆ ಇದು ಕೆಲವೇ ದಿನಗಳಲ್ಲಿ ಹಿಡಿತಕ್ಕೆ ತರುತ್ತದೆ. ಲೆವೆಲ್ಲಿನ ಕಾಟ ಅಷ್ಟಿಲ್ಲ. ಲಿವರ್ ಮತ್ತು ಪ್ಲೇಟ್‌ಲೆಟ್ ನೋಡಿಸಬೇಕು. ತೂಕ ಏರುತ್ತದೆ, ಕೂದಲು ಉದುರುತ್ತದೆ. ಲ್ಯಾಬ್ ದೂರ ಇರುವ, ಕಿಡ್ನಿ ಸರಿಯಿಲ್ಲದ, ಐವತ್ತು ದಾಟಿದ ಗಂಡಸಿಗೆ ಇದು ಒಳ್ಳೆಯ ಆಯ್ಕೆಯೇ.

ಮುಂದೆ ಮಗು ಆಗುವ ಸಾಧ್ಯತೆ ಇರುವ ಹೆಣ್ಣುಮಗಳಿಗೆ ಬೇಡ. ಇದನ್ನು ಮೆತ್ತಗೆ ಹೇಳಲು ನನಗೆ ಬರುವುದಿಲ್ಲ. ಬಸುರಿಯಲ್ಲಿ ಇದನ್ನು ತೆಗೆದುಕೊಂಡರೆ ಸುಮಾರು ನೂರಕ್ಕೆ 10 ಮಕ್ಕಳಿಗೆ ಹುಟ್ಟಿನಲ್ಲೇ ದೊಡ್ಡ ಊನ. ನೂರಕ್ಕೆ 30ರಿಂದ 40 ಮಕ್ಕಳಿಗೆ ಕಲಿಕೆ, ಮಾತು, ಬೆಳವಣಿಗೆಯ ತೊಂದರೆ. ನಮ್ಮಲ್ಲಿ ನಡೆಯುವುದು ಏನು? "ಮದುವೆ ಮಾಡಿದರೆ ಸರಿಹೋಗುತ್ತೆ" ಎಂದು ಮಾತ್ರೆಯ ವಿಷಯ ಮುಚ್ಚಿಟ್ಟು ಧಾರೆ ಎರೆಯುವುದು. ಅತ್ತೆಮನೆಯಲ್ಲಿ ಕದ್ದು ನುಂಗುವುದು, ಇಲ್ಲವೇ ಒಂದೇ ಸಲ ನಿಲ್ಲಿಸುವುದು. ಬಸುರಿ ಎಂದು ಗೊತ್ತಾಗುವ ಹೊತ್ತಿಗೆ ಮಗುವಿನ ಬೆನ್ನುಹುರಿ ರೂಪುಗೊಳ್ಳುವ ವಾರಗಳು ಮುಗಿದೇ ಹೋಗಿರುತ್ತವೆ. ನಮ್ಮ ಅದೃಷ್ಟ, ಅಕ್ಕನಿಗೆ ಮೊದಲು ಇದನ್ನೇ ಕೊಟ್ಟಿದ್ದರೂ ಮದುವೆಯ ಮಾತು ಬಂದಾಗ ಆಗಿನ ಡಾಕ್ಟರಮ್ಮ ತಾವಾಗಿಯೇ ಲಿಥಿಯಂಗೆ ಬದಲಿಸಿದರು. ಭಾವನಿಗೂ ಎದುರು ಕೂರಿಸಿ ಹೇಳಿದರು.

ಲಿಥಿಯಂ ಬಸುರಿಯಲ್ಲಿ ಪೂರ್ತಿ ನಿರಪಾಯವೇ? ಇಲ್ಲ. ಮೊದಲ ಮೂರು ತಿಂಗಳಲ್ಲಿ ಮಗುವಿನ ಹೃದಯಕ್ಕೆ ಸಣ್ಣ ಅಪಾಯ ಇದೆ, ಡೋಸ್ ಹೆಚ್ಚಾದಷ್ಟೂ ಅದು ಹೆಚ್ಚು. ವ್ಯಾಲ್‌ಪ್ರೊಯೇಟಿನ ಅಪಾಯದ ಮುಂದೆ ಅದು ಬಹಳ ಕಡಿಮೆ. ಹೆರಿಗೆಯಾದ ಮೊದಲ ವಾರಗಳೇ ಕಾಯಿಲೆ ಮರುಕಳಿಸುವ ಅತಿ ಸೂಕ್ಷ್ಮ ಕಾಲ. ಆದ್ದರಿಂದ ಈ ಮಾತುಕತೆ ಬಸುರಿಯಾಗುವ ಮೊದಲೇ ಆಗಬೇಕು. ಬಾಣಂತಿಗೆ ತೀರಾ ಹೆಚ್ಚಾದರೆ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇರಿಸಿಕೊಳ್ಳುವ ವಾರ್ಡ್ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ.

ಕಾರ್ಬಮಜೆಪಿನ್ ಎಂಬ ಇನ್ನೊಂದು ಫಿಟ್ಸ್ ಮಾತ್ರೆಯೂ ಬಳಕೆಯಲ್ಲಿದೆ. ಅದು ಗರ್ಭನಿರೋಧಕ ಗುಳಿಗೆ ಸೇರಿ ಬೇರೆ ಹಲವು ಔಷಧಿಗಳ ಬಲ ಕುಗ್ಗಿಸುತ್ತದೆ. ಮೊದಲೆರಡು ಕೆಲಸ ಮಾಡದಿದ್ದಾಗ ನೋಡುವಂಥದ್ದು.

ಲ್ಯಾಮೋಟ್ರಿಜಿನ್: ಅವಸರಕ್ಕಾಗದ ಮಾತ್ರೆ

ಉನ್ಮಾದ ಅಪರೂಪ, ಖಿನ್ನತೆಯೇ ವರ್ಷದ ಹೆಚ್ಚು ತಿಂಗಳು ತಿನ್ನುತ್ತಿದೆ ಎನ್ನುವವರಿಗೆ ಇದರ ಹೆಸರು ಬರುತ್ತದೆ. ತೂಕ ಏರಿಸುವುದಿಲ್ಲ, ಮಂಪರು ಕಡಿಮೆ. ಉರಿಯುತ್ತಿರುವ ಉನ್ಮಾದಕ್ಕೆ ಮಾತ್ರ ಇದರಿಂದ ಉಪಯೋಗವಿಲ್ಲ.

ಎರಡು ವಾರ 25 ಮಿಲಿಗ್ರಾಂ, ಮುಂದಿನ ಎರಡು ವಾರ 50, ಹೀಗೆ ಮೆಟ್ಟಿಲು ಹತ್ತಿ ಸಾಮಾನ್ಯವಾಗಿ 200ಕ್ಕೆ ಹೋಗಬೇಕು. ಬೇಗ ಏರಿಸಿದರೆ ಮೈಮೇಲೆ ದದ್ದು ಏಳುತ್ತದೆ, ಅಪರೂಪಕ್ಕೆ ಅದು ಜೀವಕ್ಕೇ ಕುತ್ತು ತರುವಷ್ಟು ಕೆಡುತ್ತದೆ. ವ್ಯಾಲ್‌ಪ್ರೊಯೇಟ್ ಜೊತೆಗಿದ್ದರೆ ಡೋಸ್ ಅರ್ಧ. ಊರಿಗೆ ಹೋದಾಗ ಡಬ್ಬಿ ಮರೆತು ಐದಾರು ದಿನ ತಪ್ಪಿತು ಅಂದುಕೊಳ್ಳಿ, ವಾಪಸ್ ಬಂದು ಹಳೆಯ ಡೋಸ್ ನುಂಗುವಂತಿಲ್ಲ. ಡಾಕ್ಟರಿಗೆ ಫೋನ್ ಮಾಡಿ ಮತ್ತೆ ಕೆಳಗಿನ ಮೆಟ್ಟಿಲಿನಿಂದ ಶುರು. ಮರೆವು ಜಾಸ್ತಿ ಇರುವವರು ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

"ಇದು ಹುಚ್ಚಿನ ಮಾತ್ರೆ ಅಲ್ವಾ?"

ಒಲಾನ್ಜಪಿನ್, ರಿಸ್ಪೆರಿಡೋನ್, ಕ್ವೆಟಿಯಾಪಿನ್, ಅರಿಪಿಪ್ರಜೋಲ್. ಇವುಗಳ ಚೀಟಿ ಹಿಡಿದು ಮೆಡಿಕಲ್ ಶಾಪಿಗೆ ಹೋದರೆ ಪಕ್ಕದಲ್ಲಿ ನಿಂತವರು ಒಂಥರಾ ನೋಡುತ್ತಾರೆ. ಇವು ಬೈಪೋಲಾರ್‌ಗೂ ಪಕ್ಕಾ ಔಷಧಿಗಳೇ. ನಾಲ್ಕು ರಾತ್ರಿ ನಿದ್ದೆಯಿಲ್ಲದೆ ಮನೆ ತಲೆಕೆಳಗಾಗಿರುವಾಗ ಮೊದಲು ಹತೋಟಿಗೆ ತರುವುದು ಹೆಚ್ಚಾಗಿ ಇವೇ.

ಇವುಗಳ ನಡುವೆ ಆರಿಸುವುದು ಎಂದರೆ ಅಡ್ಡಪರಿಣಾಮ ಆರಿಸುವುದು. ಒಲಾನ್ಜಪಿನ್ ಉನ್ಮಾದಕ್ಕೆ ಬಲವಾದದ್ದು, ಹಸಿವೂ ಅಷ್ಟೇ ಬಲವಾದದ್ದು. ಅಕ್ಕ ಎಂಟು ತಿಂಗಳಲ್ಲಿ ಹನ್ನೊಂದು ಕಿಲೋ ಏರಿದಳು, ರಾತ್ರಿ ಹನ್ನೊಂದಕ್ಕೆ ಎದ್ದು ಮುದ್ದೆ ತಿನ್ನುತ್ತಿದ್ದಳು. ಅಪ್ಪ ಅಮ್ಮ ಇಬ್ಬರಿಗೂ ಶುಗರ್ ಇರುವ ಮನೆಯಲ್ಲಿ ಇದನ್ನು ವರ್ಷಗಟ್ಟಲೆ ನಡೆಸುವ ಮುಂಚೆ ಯೋಚಿಸಬೇಕು. ರಿಸ್ಪೆರಿಡೋನ್ ಕೆಲವು ಹೆಂಗಸರಲ್ಲಿ ಮುಟ್ಟು ನಿಲ್ಲಿಸುತ್ತದೆ. ಅರಿಪಿಪ್ರಜೋಲ್ ತೂಕಕ್ಕೆ ಒಳ್ಳೆಯದು, ಕೆಲವರಿಗೆ ಕೂತಲ್ಲಿ ಕೂರಲಾಗದ ಚಡಪಡಿಕೆ ತರುತ್ತದೆ. ಅದನ್ನು ಕಾಯಿಲೆಯೇ ಹೆಚ್ಚಾಯಿತು ಎಂದು ಮನೆಯವರು ತಿಳಿಯುವುದುಂಟು. ಕ್ವೆಟಿಯಾಪಿನ್ ಮೇಲಿನ ತುದಿಗೂ ಕೆಳಗಿನ ತುದಿಗೂ ಕೆಲಸ ಮಾಡುವ ಕೆಲವೇ ಮಾತ್ರೆಗಳಲ್ಲಿ ಒಂದು. ಬೆಳಿಗ್ಗೆ ಹಾಲು ಕರೆಯಲು ಐದಕ್ಕೆ ಏಳಬೇಕಾದವರಿಗೆ ಅದರ ಮಂಪರು ಹಿಂಸೆ. ಲುರಾಸಿಡೋನ್ ಖಿನ್ನತೆಯ ತುದಿಗೆ, ಹೊಟ್ಟೆ ತುಂಬ ಊಟದ ಜೊತೆ ನುಂಗಿದರೆ ಮಾತ್ರ. ಟೀ ಬಿಸ್ಕತ್ತಿನ ಜೊತೆ ನುಂಗಿದರೆ ಅರ್ಧ ವ್ಯರ್ಥ.

ಪದೇ ಪದೇ ಮಾತ್ರೆ ಬಿಡುವವರಿಗೆ ಎರಡು ವಾರಕ್ಕೋ ತಿಂಗಳಿಗೋ ಒಮ್ಮೆ ಚುಚ್ಚುವ ಇಂಜೆಕ್ಷನ್ನುಗಳೂ ಇವೆ. ದಿನಾ "ಮಾತ್ರೆ ತಗೊಂಡ್ಯಾ?" ಎಂಬ ಜಗಳದಿಂದ ಎಷ್ಟೋ ಮನೆಗಳು ಪಾರಾಗಿವೆ.

ಕರೆಂಟು

ಡಾಕ್ಟರುಗಳು ಇಸಿಟಿ ಎನ್ನುವ, ತಲೆಗೆ ಸ್ವಲ್ಪವೇ ಕರೆಂಟು ಹಾಯಿಸುವ ಚಿಕಿತ್ಸೆ ಇದು. ಸಿನಿಮಾಗಳು ಇದರ ಹೆಸರು ಕೆಡಿಸಿಬಿಟ್ಟಿವೆ. ಈಗ ಪ್ರಜ್ಞೆ ತಪ್ಪಿಸಿ, ಸ್ನಾಯು ಸಡಿಲಿಸುವ ಔಷಧಿ ಕೊಟ್ಟು ಮಾಡುತ್ತಾರೆ. ಅವೆರಡೂ ಇಲ್ಲದೆ ಕರೆಂಟು ಕೊಡುವುದನ್ನು 2017ರ ಮಾನಸಿಕ ಆರೋಗ್ಯ ರಕ್ಷಣೆ ಕಾಯಿದೆ ನಿಷೇಧಿಸಿದೆ. ಊಟ ನೀರು ಬಿಟ್ಟು ಕಲ್ಲಿನಂತೆ ಮಲಗಿದವರಿಗೆ, ಸಾಯುವ ಯೋಚನೆ ಬಿಡದೆ ಕಾಡುವವರಿಗೆ, ಮಾತ್ರೆಗಳು ಸೋತ ಉನ್ಮಾದಕ್ಕೆ ಇದು ಬಹಳ ಬೇಗ ಕೆಲಸ ಮಾಡುತ್ತದೆ. ವಾರಕ್ಕೆ ಎರಡು ಮೂರರಂತೆ ಸಾಮಾನ್ಯವಾಗಿ 6ರಿಂದ 12 ಸಲ. ಆ ವಾರಗಳ ಆಸುಪಾಸಿನ ನೆನಪುಗಳು ಮಸುಕಾಗುತ್ತವೆ. ಕೆಲವರಿಗೆ ಕೆಲವು ನೆನಪು ವಾಪಸ್ ಬರುವುದೇ ಇಲ್ಲ, ಅದನ್ನು ಮುಚ್ಚಿಡಬಾರದು. ಇದು ಮುಗಿದ ಮೇಲೂ ಮಾತ್ರೆ ಮುಂದುವರಿಯುತ್ತದೆ.

ಮಾತುಕತೆ, ಮತ್ತು ನಿದ್ದೆ

ಕೌನ್ಸೆಲಿಂಗ್ ಒಂದರಿಂದಲೇ ಬೈಪೋಲಾರ್ ಹತೋಟಿಗೆ ಬರುವುದಿಲ್ಲ. ಮಾತ್ರೆಯ ಜೊತೆಗೆ ಸೇರಿದರೆ ಮರುಕಳಿಸುವುದು ಕಡಿಮೆಯಾಗುತ್ತದೆ. ಹಲವು ಬಗೆಗಳಿವೆ. ಯೋಚನೆಯ ಜಾಡು ತಿದ್ದುವುದು, ಮನೆಯವರನ್ನೆಲ್ಲ ಕೂರಿಸಿ ಕಾಯಿಲೆ ಅರ್ಥಮಾಡಿಸುವುದು, ಏಳುವ ಉಣ್ಣುವ ಮಲಗುವ ಹೊತ್ತನ್ನು ದಿನಾ ಒಂದೇ ಆಗಿಸುವುದು. ನನ್ನ ಓಟು ಕೊನೆಯ ಎರಡಕ್ಕೆ. ಮನೆಯವರು ಬೈದುಕೊಂಡು, ಹಂಗಿಸಿಕೊಂಡು ಇದ್ದರೆ ಎಂಥ ಮಾತ್ರೆಯೂ ಸುಮ್ನೆ.

ನಿದ್ದೆ ಕೆಟ್ಟರೆ ಉನ್ಮಾದ ಶುರುವಾಗಬಹುದು. ಉನ್ಮಾದ ಶುರುವಾದರೆ ನಿದ್ದೆ ಕೆಡುತ್ತದೆ. ನಮ್ಮ ಕಡೆ ನಿದ್ದೆ ಕೆಡಿಸಲು ಕಾರಣ ಬೇಕಾದಷ್ಟು. ಶಿವರಾತ್ರಿ ಜಾಗರಣೆ, ರಾತ್ರಿಯಿಡೀ ಯಕ್ಷಗಾನ, ಮದುವೆ ಮನೆ, ಬೆಂಗಳೂರಿನ ನೈಟ್ ಶಿಫ್ಟ್. ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗಿಬರುವವರಿಗೆ ಹಗಲು ರಾತ್ರಿಯೇ ಅದಲುಬದಲು, ಹೊರಡುವ ತಿಂಗಳ ಮೊದಲೇ ಡಾಕ್ಟರ ಹತ್ತಿರ ಮಾತ್ರೆಯ ಹೊತ್ತು ಹೊಂದಿಸಿಕೊಳ್ಳಬೇಕು. ಅಕ್ಕ ಈಗ ಶಿವರಾತ್ರಿಗೆ ಒಂದು ಯಾಮದ ಪೂಜೆ ಮುಗಿಸಿ ಹತ್ತಕ್ಕೆ ಮನೆಗೆ ಬಂದು ಮಲಗುತ್ತಾಳೆ. "ನಿನ್ನ ಪಾಲಿನ ಜಾಗರಣೆ ನಾನು ಮಾಡ್ತೀನಿ, ನೀ ಮಲಕ್ಕೋ" ಎಂದು ಅಮ್ಮ ಮೊದಲ ವರ್ಷವೇ ದೇವರ ಹತ್ತಿರ ಒಪ್ಪಂದ ಮಾಡಿಕೊಂಡರು.

ನಾಟಿ ಔಷಧಿ, ಹರಕೆ

ಹರಕೆ ಹೊತ್ತುಕೊಳ್ಳಿ, ಮಾತ್ರೆ ಬಿಡಬೇಡಿ. ಇಷ್ಟೇ. ಸರ್ಪಗಂಧಿಯ ವಿಷಯ ಮಾತ್ರ ಒಂದು ಮಾತು. ಅದು ಕಟ್ಟುಕತೆಯಲ್ಲ. ಹುಚ್ಚಿಗೂ ಬಿಪಿಗೂ ಅದರ ಬೇರು ಕೆಲಸ ಮಾಡುತ್ತದೆ ಎಂದು ಗಣನಾಥ ಸೇನ್ ಮತ್ತು ಕಾರ್ತಿಕ್ ಬೋಸ್ ಎಂಬ ವೈದ್ಯರು 1931ರಲ್ಲೇ ಬರೆದಿದ್ದರು. ಅದರಿಂದ ತೆಗೆದ ರಿಸರ್ಪಿನ್ ಅನ್ನು 1950ರ ದಶಕದಲ್ಲಿ ಪಶ್ಚಿಮದ ದೇಶಗಳೂ ಬಳಸಿದವು. ಬಿಪಿ ತೀರಾ ಇಳಿಸುತ್ತದೆ, ಖಿನ್ನತೆ ತರಬಹುದು ಎಂದು ಆಮೇಲೆ ಹಿಂದೆ ಸರಿದವು. ಖಿನ್ನತೆಯೇ ಅರ್ಧ ಪಾಲಾಗಿರುವ ಕಾಯಿಲೆಗೆ ಅದನ್ನು ಯಾರದೋ ಮಾತು ಕೇಳಿ ಅರೆದು ಕುಡಿಯಬಾರದು. ಬೇರೆ ಯಾವ ಚೂರ್ಣವಾದರೂ ಸರಿ, ಪೊಟ್ಟಣವನ್ನು ಮನೋವೈದ್ಯರಿಗೆ ತೋರಿಸಿ.

ಎಲ್ಲಿಗೆ ಹೋಗುವುದು?

ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಬೈಪೋಲಾರ್ ಇರುವ ಹತ್ತರಲ್ಲಿ ಏಳು ಜನಕ್ಕೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ದೂರ ಒಂದು ಕಾರಣ. ಕಾಯಿಲೆ ಯಾವುದು ಎಂದು ಪಕ್ಕಾ ಮಾಡಿಕೊಳ್ಳಲು ಒಮ್ಮೆ ನಿಮ್ಹಾನ್ಸ್‌ಗೋ ಧಾರವಾಡದ ಡಿಮ್ಹಾನ್ಸ್‌ಗೋ ಹೋಗಿಬನ್ನಿ. ಆಮೇಲೆ ಹತ್ತಿರದಲ್ಲಿ ಒಬ್ಬರನ್ನು ಹಿಡಿದುಕೊಳ್ಳಿ. ದೂರದ ದೊಡ್ಡ ಹೆಸರಿಗಿಂತ, ನಿಮ್ಮ ಫೈಲು ನೆನಪಿರುವ ಹತ್ತಿರದ ಡಾಕ್ಟರು ಮೇಲು. ಜಿಲ್ಲಾಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೂ ಬರುತ್ತಾರೆ, ನಿಮ್ಮ ತಾಲ್ಲೂಕಿನ ವಾರ ಯಾವುದೆಂದು ವಿಚಾರಿಸಿ. ಮಧ್ಯರಾತ್ರಿ ಏನೂ ತೋಚದಾಗ, ಸಾಯುವ ಮಾತು ಬಂದಾಗ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್. ಕಾಸಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ವಿಮೆ ಇದ್ದರೆ, ಮೈಯ ಕಾಯಿಲೆಗೆ ಕೊಡುವಂತೆಯೇ ಮನಸ್ಸಿನ ಕಾಯಿಲೆಗೂ ಕೊಡಬೇಕು ಎಂದು ಅದೇ 2017ರ ಕಾಯಿದೆ ಹೇಳುತ್ತದೆ.

ನಿಲ್ಲಿಸುವ ಮಾತು

ಮೂರನೇ ವರ್ಷ ಅಕ್ಕ "ಚೆನ್ನಾಗಿದೀನಲ್ಲ, ಯಾಕೆ ನುಂಗಬೇಕು?" ಎಂದು ಯಾರಿಗೂ ಹೇಳದೆ ಲಿಥಿಯಂ ಬಿಟ್ಟಳು. ಎರಡೂವರೆ ತಿಂಗಳಿಗೆ ಉನ್ಮಾದ, ಮೊದಲಿಗಿಂತ ಜೋರಾಗಿ. ಲಿಥಿಯಂ ದಿಢೀರನೆ ನಿಲ್ಲಿಸಿದಾಗ ಹೀಗಾಗುವುದು ಎಲ್ಲ ಡಾಕ್ಟರಿಗೂ ಗೊತ್ತು. ನಿಲ್ಲಿಸಲೇಬೇಕಾದರೆ ಅವರ ಕಣ್ಣೆದುರು, ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವೇ ಇಳಿಸಬೇಕು.

ಆ ಸಲ ಆಸ್ಪತ್ರೆಯಿಂದ ಬಂದ ಮೇಲೆ, ತಲೆ ತಿಳಿಯಾಗಿದ್ದ ಒಂದು ಭಾನುವಾರ, ಅಕ್ಕ ನನ್ನ ಮಗನ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು ಬರೆಯಲು ಕೂತಳು. ಮುಂದೆ ಕಾಯಿಲೆ ಜೋರಾದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮುಂಚೆಯೇ ಬರೆದಿಡುವ ಹಕ್ಕನ್ನು ಈಗ ಕಾಯಿದೆಯೇ ಕೊಟ್ಟಿದೆ. ಆಗ ಅದು ನಮಗೆ ಗೊತ್ತಿರಲಿಲ್ಲ. ಅವಳ ಹಾಳೆ ಇನ್ನೂ ಫೈಲಿನಲ್ಲಿದೆ, ಪ್ರತಿ ಹೊಸ ಡಾಕ್ಟರಿಗೂ ಮೊದಲು ಅದನ್ನೇ ತೋರಿಸುತ್ತೇವೆ. "ಎರಡು ರಾತ್ರಿ ನಿದ್ದೆ ಮಾಡದಿದ್ದರೆ ತಮ್ಮ ನನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲಿ, ನಾನು ಬೈದರೂ ಸರಿ. ಎಟಿಎಂ ಕಾರ್ಡು ಅಮ್ಮನ ಹತ್ತಿರ ಇರಲಿ. ಕರೆಂಟು ಬೇಕೆಂದರೆ ಕೊಡಲಿ, ನನಗೆ ಹೆದರಿಕೆ ಇಲ್ಲ. ಲಿಥಿಯಂ ಆಗುತ್ತೆ. ಆ ಹಸಿವಿನ ಮಾತ್ರೆ ಮಾತ್ರ ಬೇಡ, ನನ್ನ ರವಿಕೆಗಳು ಒಂದೂ ಹಿಡಿಸಲ್ಲ."